ಅಕ್ಕನ ಕಿಟಕಿಗೆ ಓದಿದ್ದು

ಮೇ 3, ಮಂಗಳವಾರ

ಬೆಳಗಿನ ಐದರ ಪ್ರಾರ್ಥನೆಗೆ ಹನ್ನೊಂದು ಜನ. ಅದರಲ್ಲಿ ನಾಲ್ವರು ನಿದ್ದೆಯಲ್ಲಿ. ಪರವಾಗಿಲ್ಲ, ಬಂದು ನಿದ್ದೆ ಮಾಡಿದರಲ್ಲ.

ಮೂರು ತಿಂಗಳ ಓದಿನ ಪಟ್ಟಿ ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿದೆ. ಹೊಸದಾಗಿ ಮದುವೆಯಾದವರಿಗೆ ಒಂದು ಪುಸ್ತಕ, ಹೆತ್ತವರನ್ನು ಕಳೆದುಕೊಂಡವರಿಗೆ ಒಂದು, ಕುಡಿತ ಬಿಡಬೇಕೆನ್ನುವವರಿಗೆ ಎರಡು, ಪ್ರಾರ್ಥನೆ ಬಾರದವರಿಗೆ ಮೂರು. ಪೌಲಿಸಿ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಓದಿದ. ಸಭೆಯ ಹಿರಿಯ, ನಲವತ್ತು ವರ್ಷಗಳಿಂದ ಗೆಳೆಯ, ಬಾಯಿಗೆ ಬೀಗವಿಲ್ಲ.

"ಪಟ್ಟಿ ಚೆನ್ನಾಗಿದೆ ಅಯ್ಯನೋರೆ. ಓದೋರ ಪಟ್ಟೀನೂ ಒಂದು ಮಾಡಿ. ಒಂದು ಚೀಟಿ ಸಾಕು."

"ಮೊದಲನೇ ಹೆಸರು ನಿಂದೇ ಇರಲಿ."

"ಹಂಗಾದ್ರೆ ಚೀಟೀನೂ ಬೇಡ ಬಿಡಿ."

ಮಧ್ಯಾಹ್ನದ ದೋಣಿಯಲ್ಲಿ ಫುಸಿ ತನ್ನ ಅಮ್ಮನನ್ನು ದೊಡ್ಡ ದ್ವೀಪದ ಆಸ್ಪತ್ರೆಯಿಂದ ಕರೆತಂದಳು. ಫುಸಿಯ ಅಮ್ಮ ಎಂದರೆ ನನ್ನ ಅಕ್ಕ ಕಲೋಲೈನೆ. ಸಕ್ಕರೆ ಕಾಯಿಲೆ ಎರಡೂ ಕಿಡ್ನಿಗಳನ್ನು ತಿಂದು ಹಾಕಿದೆ. ಮನೆಗೆ ಕರೆದುಕೊಂಡು ಹೋಗಿ ಎಂದರಂತೆ ಡಾಕ್ಟರು. ಆ ಮಾತಿನ ಅರ್ಥ ನನಗೆ ಗೊತ್ತು... ಎಷ್ಟೋ ಮನೆಗಳಿಗೆ ನಾನೇ ಬಿಡಿಸಿ ಹೇಳಿದ್ದೇನೆ.

ಮೇ 4, ಬುಧವಾರ

ಈ ಊರಿನಲ್ಲಿ ನಾನು ಕೈಯಿಟ್ಟು ಪ್ರಾರ್ಥಿಸದ ರೋಗಿ ಇಲ್ಲ. ಸಾಲದ್ದಕ್ಕೆ ಪೌಲಿಸಿಯ ಹಂದಿಗೂ ಒಮ್ಮೆ ಪ್ರಾರ್ಥನೆ ಮಾಡಿದ್ದೇನೆ. ಅಕ್ಕನ ಹಣೆಯನ್ನು ಮಾತ್ರ ಮುಟ್ಟಿಲ್ಲ. ನನಗೆ ಹನ್ನೆರಡು ತುಂಬಿದ ದಿನ, ನಮ್ಮ ದ್ವೀಪದ ಪದ್ಧತಿಯಂತೆ, ಅಮ್ಮ ನನ್ನ ಹಾಸಿಗೆ ಸುತ್ತಿ ಚಿಕ್ಕಪ್ಪನ ಮನೆಗೆ ಕಳಿಸಿದಳು. ಅಂದಿನಿಂದ ಅಕ್ಕ ಮತ್ತು ನಾನು ಒಂದೇ ಕೋಣೆಯಲ್ಲಿ ಕೂತಿಲ್ಲ. ಅವಳು ಮಲಗುವ ಕೋಣೆಗೆ ಕಾಲಿಡುವುದಂತೂ ಕನಸಿನಲ್ಲೂ ಇಲ್ಲ. ಅವಳ ಗಂಡನ ವಿಚಾರ, ಸಂಸಾರದ ವಿಚಾರ ನಾನು ಎತ್ತುವ ಹಾಗಿಲ್ಲ. ಈಗಿನ ಅಣ್ಣ ತಂಗಿಯರು ಒಟ್ಟಿಗೆ ಟಿವಿ ನೋಡುತ್ತಾರೆ. ನಾವು ಈ ಕಾಲದವರಲ್ಲ. ಅಕ್ಕ ಎಂದರೆ ನನಗಿಂತ ಮೇಲೆ, ಅಷ್ಟೇ.

ಪೌಲಿಸಿ ಹೇಳಿದ, "ಪಾದ್ರಿಯಾಗಿ ಹೋಗಿ. ತಮ್ಮನಾಗಿ ಬೇಡ. ಯಾರು ಏನಂತಾರೆ?"

ಯಾರೂ ಏನೂ ಅನ್ನುವುದಿಲ್ಲ. ನನ್ನ ಕಾಲೇ ಏಳುವುದಿಲ್ಲ.

ಮೇ 6, ಶುಕ್ರವಾರ

ದಾರಿ ಸಿಕ್ಕಿತು. ಅವಳ ಕೋಣೆಯ ಕಿಟಕಿ ಜಗಲಿಗೆ ತೆರೆಯುತ್ತದೆ. ಗೋಡೆಗೆ ಬೆನ್ನು ಕೊಟ್ಟು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವುದು. ಒಳಗೆ ಅವಳು ಕೇಳುವುದು. ನೋಡುವಂತಿಲ್ಲ, ಕೇಳಬಹುದು.

ಕಪಾಟಿನ ಮುಂದೆ ಒಂದು ಗಂಟೆ ನಿಂತಿದ್ದೆ. ಕಾಯಿಲೆಯವರಿಗೆಂದು ನಾನು ಎಲ್ಲರಿಗೂ ಕೊಡುವ ಹಳದಿ ರಟ್ಟಿನ ಪುಸ್ತಕವನ್ನೇ ತೆಗೆದುಕೊಂಡು ಹೋದೆ. ಮೊದಲು ಒಂದು ಕೀರ್ತನೆ, ಆಮೇಲೆ ಪುಸ್ತಕ. ನಡುವೆ ಅವಳು ಎರಡು ಸಲ ಕೆಮ್ಮಿದಳು. ಆ ಕೆಮ್ಮು ಕೇಳಿ ಸಂತೋಷವಾಯಿತು ಎಂದರೆ ದೇವರು ಏನಂದುಕೊಳ್ಳುತ್ತಾನೋ.

ಫುಸಿ ಹೊರಗೆ ಬಂದು, "ಮಾವ, ಚರ್ಚಿನ ಪ್ರಸಂಗದ ಧ್ವನಿ ಬೇಡ. ಮನೆ ಧ್ವನೀಲಿ ಓದು. ಅಮ್ಮ ಹೇಳಿ ಕಳಿಸಿದ್ಳು," ಎಂದಳು.

ಮನೆ ಧ್ವನಿ ಯಾವುದು ಎಂದು ಹುಡುಕಬೇಕಾಯಿತು.

ಮೇ 9, ಸೋಮವಾರ. ಸಂಜೆ

ನಾಲ್ಕನೆಯ ದಿನ. ಇಂದು ಹೇಳಲೇಬೇಕೆಂದು ಹೋಗಿದ್ದೆ. ಸೈಮೋನೆಯ ವಿಷಯ. ಪುಸ್ತಕ ಮುಚ್ಚಿದೆ. ಬಾಯಿ ತೆರೆದೆ. ಮತ್ತೆ ಪುಸ್ತಕ ತೆರೆದು ಇನ್ನೊಂದು ಅಧ್ಯಾಯ ಓದಿ ಮನೆಗೆ ಬಂದೆ. ಹೇಡಿ.

ಹತ್ತೊಂಬತ್ತು ವರ್ಷವಾಯಿತು. ಸೈಮೋನೆ ಅಕ್ಕನ ಗಂಡ, ಸಭೆಯ ಬೋಧಕ. ಮೂರು ತಿಂಗಳಿಗೊಮ್ಮೆ ಬೋಧಕರ ಪಟ್ಟಿ ಓದುವುದು ನನ್ನ ಕೆಲಸ: ಯಾವ ಭಾನುವಾರ ಯಾರ ಪ್ರಸಂಗ ಎಂದು. ಒಂದು ಸಲ ಅವನ ಹೆಸರು ಓದದೆ ಮುಂದಿನ ಹೆಸರಿಗೆ ಹೋದೆ. ಅಷ್ಟೇ ಸಾಕು, ಅವನನ್ನು ತೆಗೆದುಹಾಕಿದ್ದು ಇಡೀ ಊರಿಗೆ ಅರ್ಥವಾಗುತ್ತದೆ. ಮದುವೆ ಮನೆಯಲ್ಲಿ ಬಿಯರ್ ಕುಡಿದಿದ್ದ. ಬೋಧಕರು ಕುಡಿಯುವಂತಿಲ್ಲ, ನಿಯಮ ನಿಯಮವೇ. ಮುಂದಿನ ವಾರ ಅವನು ಆಕ್ಲೆಂಡಿಗೆ ಹೋದ. ಅಲ್ಲಿ ಯಾವುದೋ ಗೋದಾಮಿನಲ್ಲಿ ಕೆಲಸ. ನಾಚಿಕೆ ಆರಿದ ಮೇಲೆ ಬರುತ್ತಾನೆ ಅಂದುಕೊಂಡಿದ್ದೆವು. ನಾಲ್ಕು ವರ್ಷಕ್ಕೆ ಅಲ್ಲೇ ಸತ್ತ, ಅಲ್ಲೇ ಮಣ್ಣು ಮಾಡಿದರು. ಅಕ್ಕ ಮುಖವನ್ನೂ ನೋಡಲಿಲ್ಲ.

ನನ್ನನ್ನು ಒಂದು ಮಾತೂ ಕೇಳಲಿಲ್ಲ ಅವಳು. ಪ್ರತಿ ಭಾನುವಾರ ಚರ್ಚಿಗೆ ಬಂದು ನನ್ನ ಪ್ರಸಂಗ ಕೇಳಿದಳು.

ಮೇ 11, ಬುಧವಾರ

ಮತ್ತೆ ಓದಿದೆ. ಮತ್ತೆ ಹೇಳಲಿಲ್ಲ. ಹಳದಿ ಪುಸ್ತಕ ಮುಗಿಯಿತು. ಕ್ಷಮೆಯ ಬಗ್ಗೆ ಇರುವ ಇನ್ನೊಂದನ್ನು ಶುರು ಮಾಡಿದೆ. ಒಳ್ಳೆಯ ಪುಸ್ತಕ. ಎಷ್ಟು ಜನರಿಗೆ ಕೊಟ್ಟಿದ್ದೇನೆ! ನಾನು ಹೇಳಬೇಕಾದ್ದನ್ನು ಅದೇ ಹೇಳಿಬಿಡಲಿ ಎಂಬ ಆಸೆ.

ಮೇ 15, ಭಾನುವಾರ

ಮಧ್ಯಾಹ್ನ ಹೋದಾಗ ಫುಸಿ ಜಗಲಿಯಲ್ಲೇ ಎದುರಾದಳು. ಯಾವಾಗಲೂ ಮಾಡುವ ಕೀಟಲೆ ಇಂದು ಇಲ್ಲ. ಸೋದರಮಾವನ ಜೇಬಿಗೆ ಕೈ ಹಾಕುವುದು ಅವಳ ಹಕ್ಕು. ಇಂದು ಅದೂ ಇಲ್ಲ.

"ಇವತ್ತು ಬೇಡ ಮಾವ. ಬಿಸಿಲು."

"ನೆರಳಲ್ಲೇ ಕೂತ್ಕೋತೀನಿ."

ಒಳಗೆ ಫ್ಯಾನ್ ಹಾಕಿದರು. ಅದರ ಗಲಾಟೆಯಲ್ಲಿ ಅಕ್ಕನ ಉಸಿರು ಕೇಳಿಸುವುದಿಲ್ಲ. ಇನ್ನಷ್ಟು ಗಟ್ಟಿಯಾಗಿ ಓದಬೇಕಾಯಿತು.

ಮೇ 17, ಮಂಗಳವಾರ

ಹೇಳಿದೆ. ದೇವರೇ, ಹೇಳಿಬಿಟ್ಟೆ.

ಪುಸ್ತಕ ಒಯ್ಯಲೇ ಇಲ್ಲ. ಫುಸಿಗೆ, "ಹಿತ್ತಲಲ್ಲಿ ದೀವಿಹಲಸು ಬಿದ್ದಿದೆ, ಆರಿಸ್ಕೊಂಡು ಬಾ" ಎಂದೆ. ಅವಳು ನಿಂತೇ ಇದ್ದಳು.

"ಮಾವ... ಒಂದು ಮಾತು."

"ಆಮೇಲೆ. ಹೋಗು ಮೊದ್ಲು."

ಹೋದಳು. ಎರಡು ಸಲ ತಿರುಗಿ ನೋಡಿದಳು.

ಗೋಡೆಗೆ ತಲೆ ಆನಿಸಿ ಹೇಳಿದೆ. ಅಕ್ಕಾ, ಆ ಮದುವೆಯಲ್ಲಿ ಬಿಯರ್ ಕುಡಿದದ್ದು ಸೈಮೋನೆ ಒಬ್ಬನೇ ಅಲ್ಲ. ಇನ್ನೂ ಮೂವರು ಬೋಧಕರು ಕುಡಿದಿದ್ದರು, ನಾನು ಕಣ್ಣಾರೆ ನೋಡಿದ್ದೆ. ಅವರ ಹೆಸರು ಓದಿದೆ. ಇವನದು ಬಿಟ್ಟೆ. ಅವನ ಪ್ರಸಂಗವಿದ್ದ ಭಾನುವಾರ ಪಕ್ಕದ ಊರಿನವರೂ ಬರುತ್ತಿದ್ದರು, ಬೆಂಚು ಸಾಲದೆ ಚಾಪೆ ಹಾಸುತ್ತಿದ್ದರು. ನನ್ನ ಭಾನುವಾರ ಜನ ತೂಕಡಿಸುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು ಅಕ್ಕಾ. ನಿಯಮ ಅಲ್ಲ ಅದು, ಹೊಟ್ಟೆಕಿಚ್ಚು. ನಿನ್ನ ಗಂಡನನ್ನು ನಿನ್ನಿಂದ ಕಿತ್ತದ್ದು ನಾನು. ಕ್ಷಮಿಸು.

ಅತ್ತುಬಿಟ್ಟೆ. ಅರವತ್ತೇಳು ವರ್ಷದ ಗಂಡಸು ಜಗಲಿಯಲ್ಲಿ ಕೂತು ಮೂಗು ಸೊರ್ ಎನಿಸುತ್ತ ಅತ್ತೆ. ಒಳಗೆ ಫ್ಯಾನ್ ತಿರುಗುತ್ತಲೇ ಇತ್ತು. ಉತ್ತರ ಬರಲಿಲ್ಲ. ಬರಲಿ ಎಂದು ಹೇಳಿದ್ದೂ ಅಲ್ಲ.

ಮೇ 18, ಬುಧವಾರ

ಫುಸಿ ಮೀನಿನ ಸಾರು ತಂದಳು, ತೆಂಗಿನ ಹಾಲು ಹಾಕಿದ್ದು. ನಾನು ಚಿಕ್ಕವನಿದ್ದಾಗ ಅಕ್ಕ ಮಾಡುತ್ತಿದ್ದ ರೀತಿ.

"ಅಮ್ಮ ಕಳಿಸಿದ್ಳಾ?"

"ತಿನ್ನು ಮಾವ. ಆರಿ ಹೋಗುತ್ತೆ."

ಅವಳೇ ಕಳಿಸಿದ್ದು. ಬಾಯಲ್ಲಿ ಹೇಳಲಾಗದ್ದಕ್ಕೆ ಸಾರು. ಬಟ್ಟಲು ನೆಕ್ಕಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಬಲಮಗ್ಗುಲಲ್ಲಿ ಮಲಗಿದರೂ ನಿದ್ದೆ ಬಂತು, ಎಡಮಗ್ಗುಲಲ್ಲಿ ಮಲಗಿದರೂ ಬಂತು.

ಮೇ 23, ಸೋಮವಾರ

ಅಕ್ಕನಿಗೆ ಮಾತು ನಿಂತಿದೆಯಂತೆ. ಕಣ್ಣು ಇದೆ, ಕಿವಿ ಇದೆ.

ಫುಸಿ ಓಡಿ ಬಂದಳು, ತಲೆಕೂದಲು ಬಿಚ್ಚಿಕೊಂಡಿತ್ತು. ನನ್ನ ಅಂಗಿಯನ್ನೇ ಹಿಡಿದು ಎಳೆದಳು.

"ಬಾ ಮಾವ. ಹಿಂದಿನ ಬಾಗಿಲಿಂದ ಬಾ. ಒಳಗೆ ಬಾ. ಕಾಲಿಗೆ ಬೀಳ್ತೀನಿ."

"ಹಂಗೆಲ್ಲಾ ಬರೋ ಹಾಗಿಲ್ಲಮ್ಮ. ಗೊತ್ತಲ್ವಾ ನಿಂಗೆ."

"ಇವತ್ತೊಂದು ದಿನ! ಯಾವ ಮರ್ಯಾದೆ ಮಾವ ಇನ್ನು? ಬಂದು ಅವಳ ಕಿವೀಲಿ ಹೇಳು!"

"ಹೇಳೋದೆಲ್ಲಾ ಹೇಳಿಯಾಯ್ತು. ನಿಮ್ಮಮ್ಮನಿಗೂ ನಂಗೂ ಬಾಕಿ ಏನೂ ಇಲ್ಲ."

ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಅಂಗಿ ಬಿಟ್ಟಳು. ನಾನು ಎಂದಿನಂತೆ ಜಗಲಿಗೇ ಹೋಗಿ ಕೂತು ಪ್ರಾರ್ಥಿಸಿದೆ. ಕೊನೆಯವರೆಗೂ ಅವಳ ಮರ್ಯಾದೆ ಕಾದೆ. ಮನಸ್ಸು ಶಾಂತವಾಗಿತ್ತು.

ಮೇ 24

ಅಕ್ಕ ಹೋದಳು. ಬೆಳಿಗ್ಗೆ ಏಳಕ್ಕೆ.

ಮೇ 28, ಶನಿವಾರ

ಗುರುವಾರ ಮಣ್ಣಾಯಿತು. ಪಕ್ಕದ ಊರಿನ ಪಾದ್ರಿ ಬಂದು ನಡೆಸಿದ. ಸತ್ತವಳಿಗಿಂತ ಕೆಳಗಿನವನು ನಾನು, ಹೆಣದ ಹತ್ತಿರ ನನಗೆ ಜಾಗವಿಲ್ಲ. ಸಾವಿನ ಮನೆಯ ವಾಡಿಕೆಯಂತೆ ಕಿವಿ ಮುಟ್ಟುವಷ್ಟು ದೊಡ್ಡ ಹರಕು ಚಾಪೆ ಸುತ್ತಿಕೊಂಡು ಮನೆಯ ಹಿಂದೆ, ಹಂದಿ ಬೇಯಿಸುವ ನೆಲದ ಒಲೆಯ ಬಳಿ ಹೊಗೆಯಲ್ಲಿ ಕೂತೆ. ನನ್ನ ತಲೆಗೂದಲು ಬುಡಕ್ಕೆ ಕತ್ತರಿಸಿದರು. ಪೌಲಿಸಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವನು ಅಲ್ಲಿ ಕೂರಬೇಕಾದವನಲ್ಲ. ಕಟ್ಟಿಗೆ ತಳ್ಳುತ್ತ, "ಚೆನ್ನಾಗೇ ಕಾಣ್ತೀರಿ ಬೋಳು ತಲೇಲಿ," ಎಂದ. ಆಮೇಲೆ ಇಬ್ಬರೂ ಅತ್ತೆವು. ಹೊಗೆ ಎಂದುಕೊಂಡರು ಜನ.

ದುಃಖ ಇದೆ. ಆದರೆ ಹೇಳಿದ್ದೇನೆ ಎಂಬ ಸಮಾಧಾನವೂ ಇದೆ. ಅದೊಂದು ಇಲ್ಲದಿದ್ದರೆ ಹುಚ್ಚು ಹಿಡಿಯುತ್ತಿತ್ತು.

ಜೂನ್ 4, ಶನಿವಾರ. ಸಂಜೆ

ಗೋರಿಗೆ ಕಪ್ಪು ಹರಳುಕಲ್ಲು ಹಾಸುವ ದಿನ. ಹೆಂಗಸರೆಲ್ಲ ಹರಳಿಗೆ ಎಣ್ಣೆ ಸವರಿ ತಂದರು. ಎಲ್ಲ ಹೋದ ಮೇಲೆ ಫುಸಿ, ನಾನು ಉಳಿದೆವು.

ಅವಳಿಗೆ ಥ್ಯಾಂಕ್ಸ್ ಹೇಳೋಣ ಎನ್ನಿಸಿತು. ಆ ಸಾರಿನ ಸುದ್ದಿ ತೆಗೆದೆ. ಅಮ್ಮ ಕಳಿಸಿದ ಸಾರು, ಸಾಯುವವರೆಗೂ ಮರೆಯುವುದಿಲ್ಲ ಎಂದೆ.

"ಸಾರು ನಾನ್ ಮಾಡಿದ್ದು ಮಾವ."

"ಅವಳು ಹೇಳಿ ಮಾಡಿಸಿದ್ದಲ್ವಾ."

"ಇಲ್ಲ. ನಿನ್ ಮುಖ ನೋಡೋಕಾಗ್ಲಿಲ್ಲ ನಂಗೆ. ಅದಕ್ಕೆ ತಂದೆ." ಹರಳುಗಳನ್ನು ಸಮ ಮಾಡುತ್ತಲೇ ಇದ್ದಳು. "ಅಮ್ಮ ಆ ಕೋಣೇಲಿ ಇರ್ಲಿಲ್ಲ ಮಾವ. ಶನಿವಾರಾನೇ ಹಿಂದಿನ ಕೋಣೆಗೆ ಹಾಸಿಗೆ ಹಾಕಿಸ್ಕೊಂಡಿದ್ಳು. ನೀನು ನನ್ನ ಹಿತ್ತಲಿಗೆ ಕಳಿಸಿದ್ದು ಮಂಗಳವಾರ."

ಮಂಗಳವಾರ. ಫ್ಯಾನ್.

"ಫ್ಯಾನ್ ಹಾಕಿದ್ದು ನಾನೇ. ಖಾಲಿ ಕೋಣೆ ಅಂತ ಗೊತ್ತಾಗ್ಬಾರ್ದು ಅಂತ. ಅಮ್ಮ ಆಣೆ ಇಡಿಸ್ಕೊಂಡಿದ್ಳು. ಅವನು ಓದ್ಕೊಳ್ಳಲಿ, ಓದಿದ್ರೆ ಅವನಿಗೆ ನೆಮ್ಮದಿ, ಹೇಳ್ಬೇಡ ಅಂದಿದ್ಳು. ಕೊನೇ ದಿನ ಆಣೆ ಮುರಿಯೋಣ ಅಂತಾನೇ ನಿನ್ನ ಅಂಗಿ ಹಿಡಿದಿದ್ದು. ನೀನು ಬಾಕಿ ಏನೂ ಇಲ್ಲ ಅಂದೆ. ಅಷ್ಟು ಖುಷೀಲಿ ಅಂದೆ. ನಂಗೆ ಬಾಯೇ ಬರ್ಲಿಲ್ಲ."

ಯಾಕೆ ಹೋದಳು ಆ ಕೋಣೆಯಿಂದ ಎಂದು ಕೇಳಿದೆ. ಸೆಖೆಗಾ ಎಂದು ಕೇಳಿದೆ. ಸೆಖೆಗೆ ಎಂದುಬಿಡಲಿ ಎಂದು ದೇವರನ್ನು ಬೇಡಿದೆ.

"ಎಂಟು ದಿನ ಕೇಳಿದ್ಳು ಮಾವ. ದಿನಾ ಮಧ್ಯಾಹ್ನ ತಲೆ ಬಾಚಿಸ್ಕೊಂಡು, ದಿಂಬು ಕಿಟಕಿ ಕಡೆ ಹಾಕಿಸ್ಕೊಂಡು ಕಾಯೋಳು. ಒಂಬತ್ತನೇ ದಿನ ಹೇಳಿದ್ಳು, ಅವನು ಪುಸ್ತಕ ಓದ್ತಾನೆ ಫುಸಿ. ಪುಸ್ತಕ ನಂಗೂ ಓದೋಕೆ ಬರುತ್ತೆ. ನನ್ನ ಒಳಗೆ ಹಾಕು, ಅಂತ."

ಜೂನ್ 5, ಭಾನುವಾರ. ಬೆಳಿಗ್ಗೆ ನಾಲ್ಕು

ನಿದ್ದೆಯಿಲ್ಲ. ಗಂಟೆ ಹೊಡೆಯಲು ಇನ್ನೂ ಸಮಯವಿದೆ. ಇಂದು ಪ್ರಸಂಗ ನನ್ನದೇ. ಪೌಲಿಸಿಗೆ ಮಾಡು ಎನ್ನಬೇಕು.

ಫುಸಿ ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದಳು. ನಿನ್ನೆ ಬರೆಯಲಾಗಲಿಲ್ಲ. ಬರೆಯುತ್ತೇನೆ.

ಆ ಮದುವೆಯಲ್ಲಿ ಬೇರೆ ಬೋಧಕರೂ ಕುಡಿದಿದ್ದರು ಎಂಬುದು ಅಕ್ಕನಿಗೆ ಗೊತ್ತಿತ್ತಂತೆ. ಪಟ್ಟಿ ಓದಿದ ಸಂಜೆಯೇ ಗೊತ್ತಿತ್ತು. ಯಾಕೆ ಸೈಮೋನೆಯದು ಮಾತ್ರ ಬಿಟ್ಟೆ ಎಂಬುದೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಪೌಲಿಸಿಗೂ. ಹತ್ತೊಂಬತ್ತು ವರ್ಷ ನಾನೊಬ್ಬನೇ ಅದನ್ನು ಗುಟ್ಟು ಎಂದುಕೊಂಡು ಹೊತ್ತು ತಿರುಗಿದ್ದೇನೆ.

ಅಂದರೆ ನಾನು ಖಾಲಿ ಕೋಣೆಗೆ ಹೇಳಿದ್ದರಲ್ಲಿ ಅವಳಿಗೆ ಹೊಸದೇನೂ ಇರಲಿಲ್ಲ. ಎಂಟು ದಿನ ತಲೆ ಬಾಚಿಸಿಕೊಂಡು ಕಾದದ್ದು ಸುದ್ದಿ ತಿಳಿಯಲಿಕ್ಕಲ್ಲ. ಪುಸ್ತಕ ಮುಚ್ಚಿ ನಾನು ಒಂದೇ ಒಂದು ಸಲ, ನನ್ನ ಬಾಯಿಂದ, ಅಕ್ಕಾ ಎಂದು ಕರೆದು ಕ್ಷಮಿಸು ಎನ್ನಲಿ ಎಂದು.