ನಾಲ್ಕನೇ ಪ್ರಶ್ನೆ

೧೨-೨-೧೯೭೩, ಸೋಮವಾರ. ಇಳಕಲ್ಲ

ಇವತ್ತು ನಮ್ಮ ಓಣಿ. ಮೂವತ್ತು ಫಾರ್ಮು. ಬಡತನ ಅಭ್ಯಾಸ ಮಾಡಲು ಸ್ವೀಡನ್ನಿನಿಂದ ಬಂದ ಆರು ಜನ ವಿದ್ಯಾರ್ಥಿಗಳಿಗೆ ನಾನೇ ದುಭಾಷಿ. ಬಾಗಲಕೋಟೆ ಕಾಲೇಜಿನಿಂದ ನನ್ನನ್ನೇ ಆರಿಸಿದರೆಂಬ ಜಂಬ ಬೇರೆ. ಇವರ ರಿಪೋರ್ಟು ನೋಡಿ ಅವರ ಸಂಸ್ಥೆ ಗಂಜಿ ಕೇಂದ್ರ ತೆರೆಯುತ್ತದಂತೆ. ನಮಗೇ ಸಿಗಲಿ ದೇವರೇ. ನೂಲಿಲ್ಲ, ಎರಡು ತಿಂಗಳಿಂದ ಮಗ್ಗ ನಿಂತಿವೆ. ಅಕ್ಕ ಇಂದ್ರವ್ವನ ಕೂಸಿಗೆ ಕಾಲು ಬಾತಿದೆ. ಡಾಕ್ಟರು ಹೇಳಿದ್ದು ಒಂದೇ — ಹೊಟ್ಟಿಗೆ ಹಾಕ್ರಿ.

ನಾಲ್ಕನೇ ಪ್ರಶ್ನೆ: ಇವತ್ತು ಊಟ ಮಾಡಿದ್ದೀರಾ? ಎಲ್ಲ ಮನೆಯಲ್ಲೂ "ಊಟಾತೇನ್ರಿ?" ಅಂತ ಕೇಳಿದೆ, ಅವರು ಅಂದದ್ದನ್ನು ಬರೆದೆ. ಸಂಜೆಗೆ ಓಣಿ ಮುಗಿಯಿತು.

೧೫-೨, ಗುರುವಾರ

ಕೆಟ್ಟೆ. ಅವರ ಲೀಡರ್ ಇಂಗ್ರಿಡ್ ಪಟ್ಟಿ ತೋರಿಸಿದಳು. ಮೂವತ್ತೂ ಮನೆ — ಯೆಸ್. ಕೇಂದ್ರ ಬೇರೆ ಊರಿಗೆ.

ಯೆಸ್ ಅನ್ನದೆ ಇನ್ನೇನು ಅಂದಾರು! ನಮ್ಮಲ್ಲಿ ಊಟಾತೇನ್ರಿ ಅನ್ನುವುದು ನಮಸ್ಕಾರ ಇದ್ದ ಹಾಗೆ. "ಆತ್ರಿ, ನಿಮ್ದು?" — ಉಪವಾಸ ಇದ್ದವರೂ ಅದನ್ನೇ ಅನ್ನುತ್ತಾರೆ. ಇಲ್ಲ ಅಂದರೆ ಬಂದವರ ಹತ್ತಿರ ಬೇಡಿದ ಹಾಗೆ. ನನಗೆ ಗೊತ್ತಿರಲಿಲ್ಲವೇ? ಮೂವತ್ತು ಸಲ ಕೇಳಿದೆನಲ್ಲ, ಕತ್ತೆ!

ಎಕ್ಸ್‌ಪ್ಲೇನ್ ಮಾಡಿದೆ. "ಅಕ್ಷರ ನಿನ್ನದೇ" ಅಂದಳು. ಕಾಲು ಹಿಡಿಯುವುದೊಂದು ಬಾಕಿ... ಕೊನೆಗೆ ಒಪ್ಪಿದಳು. ಶನಿವಾರ ಒಂದು ಮನೆ ತಾನೇ ನೋಡುತ್ತಾಳೆ. ಅಕ್ಕನ ಮನೆ ಅಂದೆ.

೧೬-೨

"ಅಕ್ಕಾ, ಇಲ್ಲ ಅನ್ನು. ಅಷ್ಟ ಸಾಕು."

"ಮಂದಿ ಮುಂದ ಮನಿ ಮರ್ಯಾದಿ ಕಳೀಲೇನೋ ಕಾಶ್ಯಾ?"

ಕೂಸನ್ನು ತೋರಿಸಿದೆ. ಅತ್ತಳು. "ಆಗ್ಲೇಳು. ಇಲ್ಲಂತೇನಿ."

೧೭-೨, ಶನಿವಾರ

ಒಲೆ ತಣ್ಣಗಿತ್ತು. ಇಂಗ್ರಿಡ್ ನನ್ನನ್ನು ಹೊರಗೇ ನಿಲ್ಲಿಸಿದಳು — ನೀನು ಹೇಳಿಕೊಡುತ್ತೀ ಅಂತ. ನಮ್ಮ ಓಣಿಯಲ್ಲೇ ಕಲಿತ ಕನ್ನಡದಲ್ಲಿ ತಾನೇ ಕೇಳಿದಳು, ಕೈ ಮುಗಿದು.

"ಊಟಾತೇನ್ರಿ ಅಕ್ಕಾ?"

ಅಕ್ಕನ ಮುಖ ಅರಳಿತು. ಯಾವ ದೇಶದ ಹುಡುಗಿ, ತನ್ನ ಬಾಗಿಲಲ್ಲಿ, ತನ್ನ ಮಾತಿನಲ್ಲಿ...

"ಆತ್ ನೋಡವ್ವಾ. ನಿಂದು?"

ಅಂದವಳೇ ನನ್ನ ಕಡೆ ನೋಡಿ ಬಾಯಿಗೆ ಸೆರಗು ಹಿಡಿದಳು. ಇಂಗ್ರಿಡ್ ಬರೆದಾಗಿತ್ತು. ಹತ್ತು ಗಂಟೆಗೆ ಅವರ ಜೀಪು ಬಾದಾಮಿ ಕಡೆ ಹೋಯಿತು.

೨೬-೨, ಸೋಮವಾರ

ನಿನ್ನೆ ಕೂಸನ್ನು ಮಣ್ಣು ಮಾಡಿ ಬಂದೆವು. ಅಲ್ಲಿಂದ ನನ್ನ ಗಂಟಲಲ್ಲಿ ನೀರೂ ಇಳಿದಿಲ್ಲ.

ಈಗ ಅಕ್ಕನ ಮನೆಗೆ ಹೋಗಿದ್ದೆ. ಗೋಡೆಗೆ ಒರಗಿ ಕೂತಿದ್ದಳು. ಬಯ್ಯಲಿ, ಹೊಡೆಯಲಿ ಅಂತ ನಿಂತೆ. ತಲೆ ಎತ್ತಿ ನೋಡಿದಳು.

"ಊಟಾತೇನೋ ತಮ್ಮಾ?"

"ಆತಕ್ಕಾ," ಅಂದೆ. "ನಿಂದು?"