ಭಾಲ್ಕಿ ಮೇಲಿನ ಸುತ್ತುದಾರಿ

ಬೀದರ, 28 ಏಪ್ರಿಲ್ 1949, ಗುರುವಾರ

ತಪ್ಪಾಯಿತು ಅವ್ವಾ. ಬರೆಯುತ್ತಿದ್ದೇನೆ. "ಕಾಗದದ ಮ್ಯಾಲ ಏನೂ ಇಡಬ್ಯಾಡೋ ಶಿವರಾಜ, ದಿನಮಾನ ಛಲೋ ಇಲ್ಲ" ಎಂದು ನೀನು ಹೇಳಿದ್ದು ನೆನಪಿದೆ. ಹೋದ ವರ್ಷ ರಜಾಕಾರರು ಮನೆ ಹುಡುಕಲು ಬಂದಾಗ ಅಪ್ಪನ ಪತ್ರಗಳನ್ನೆಲ್ಲ ಒಲೆಗೆ ಹಾಕಿದವಳು ನೀನು. ಆದರೆ ಬರೆಯದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಹಾಸ್ಟೆಲಿನ ಚಟ.

ಇವತ್ತೂ ಅದೇ. ಎದ್ದೆ, ಜಳಕ, ಶರ್ಟಿನ ಗುಂಡಿ ಕತ್ತಿನವರೆಗೆ. ಇಂಥ ಬಿಸಿಲಲ್ಲಿ! ಅವ್ವ ತಿರುತಿರುಗಿ ನೋಡಿದಳು. "ಹೈದರಾಬಾದದಾಗ ಎಲ್ಲಾರೂ ಹಿಂಗೇ ಉಸುರು ಕಟ್ಕೊಂಡು ಇರ್ತಾರೇನೋ?" ಫ್ಯಾಶನ್ ಎಂದೆ. ಸುಳ್ಳು. ಕೊರಳಲ್ಲಿ ಲಿಂಗ ಇಲ್ಲ. ಕ್ರಿಕೆಟ್ ಆಡುವಾಗ ಎದೆಗೆ ಬಡಿಯುತ್ತದೆಂದು ಬಿಚ್ಚಿಟ್ಟಿದ್ದೆ. ಪರೀಕ್ಷೆ ಮುಗಿದ ಗಡಿಬಿಡಿಯಲ್ಲಿ ಹಾಸ್ಟೆಲಿನ ಕಪಾಟಿನಲ್ಲೇ ಉಳಿಯಿತು. ಅವ್ವನಿಗೆ ಗೊತ್ತಾದರೆ... ಯೋಚಿಸುವುದೇ ಬೇಡ.

ಬೇರೆ ಮಾತು. ಸಮ್ಮರ್ ವೆಕೇಶನ್ ಟೂರ್! ಫಸ್ಟ್ ಇಯರ್ ಮುಗಿದ ಮೇಲೆ ಮೋಟಾರಿನಲ್ಲಿ ಹೋಗಬೇಕೆಂದು ನಾನೂ ಅಯ್ಯುಬನೂ ವರ್ಷವೆಲ್ಲ ಮಾತಾಡಿದ್ದೇವೆ. ಅಯ್ಯುಬ ನನ್ನ ರೂಮ್‌ಮೇಟ್. ಮಾವ ಹಾವಗೆಪ್ಪ ವಕೀಲರ ಫೋರ್ಡ್ ಇದೆ. ಅಷ್ಟೂರಿನ ಗುಮ್ಮಟಗಳು, ಮಾಂಜ್ರಾ ದಂಡೆ, ಕೆಂಪು ಮಣ್ಣು ಮುಗಿದು ಕಪ್ಪು ಮಣ್ಣು ಶುರುವಾಗುವ ಆ ಇಳಿಜಾರು — ಬ್ಯೂಟಿಫುಲ್ ಅಂತಾನೆ ಮಾವ. ಅಯ್ಯುಬ ಬರಲಿ.

1 ಮೇ, ಭಾನುವಾರ

ಟೂರ್ ಅಲ್ಲ. ಟೂರ್ ಹೌದು, ಆದರೆ ಅಲ್ಲ.

ಅಯ್ಯುಬ ನಿನ್ನೆ ಬಂದಿದ್ದ. ಇವತ್ತು ಮಧ್ಯಾಹ್ನ ಮಾವ ಬಂದ. ಪಡಸಾಲೆಯ ನೆಲದ ಮೇಲೆ ಶೇಂಗಾ ಹರವಿ ರೂಟ್ ಹಾಕಿದ. ತಂಬಿಗೆ ಬೀದರ. ಬೆಲ್ಲದ ಹೆಂಟೆ ಔರಾದ. ಒಂದು ದೊಡ್ಡ ಶೇಂಗಾ ಭಾಲ್ಕಿ. ನಡುವೆ ಅವ್ವನ ಸೆರಗಿನ ದಾರ ಹಾಸಿ, ಇದು ಮಾಂಜ್ರಾ ಎಂದ. "ಜನವಾಡದ ಮ್ಯಾಲ ಹೋದ್ರ ಹತ್ರ. ಭಾಲ್ಕಿ ಮ್ಯಾಲ ಹೋದ್ರ ಸುತ್ತು, ಆದ್ರ ಸೀನರಿ! ಹಲಬರ್ಗಾದಾಗ ಮಾವಿನ ತೋಪು, ಭಾಲ್ಕಿಯಾಗ ವಸ್ತಿ, ಮರುದಿನ ಹೊಳಿ ದಾಟಿ ಔರಾದ."

"ಭಾಲ್ಕಿ ಎಲ್ಲಿ ಹೋತು ಮಾಮಾ?" ಎಂದೆ.

ಅಯ್ಯುಬ ಬಾಯಾಡಿಸುತ್ತ ತಲೆ ತಗ್ಗಿಸಿದ. ಭಾಲ್ಕಿ ತಿಂದುಬಿಟ್ಟಿದ್ದ. ಅವ್ವ ಸಹ ನಕ್ಕಳು. ಅವಳು ಒಳಗೆ ಹೋದ ಮೇಲೆ ಮಾವನ ದನಿ ಸಣ್ಣದಾಯಿತು.

ಅಯ್ಯುಬನ ತಾಯಿ ಕುಲಸುಮಬೀ ಬದುಕಿದ್ದಾಳೆ. ಔರಾದದ ಆಚೆ ಚಿಂತಾಕಿಯಲ್ಲಿ. ಹೋದ ಸೆಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ರಜಾಕಾರರು ಸೋತಂದಿನಿಂದ ಪಂಢರಿ ಎಂಬ ರೈತನ ಮನೆಯ ಅಟ್ಟದ ಮೇಲೆ ಅಡಗಿದ್ದಾಳೆ. ಪಂಢರಿ ಜೋಳದ ಚೀಲ ಹೇರಿಕೊಂಡು ಬೀದರದ ಗಂಜ್ ಮಾರುಕಟ್ಟೆಗೆ ಬಂದವನು ಮಾವನ ಕಿವಿಯಲ್ಲಿ ಹೇಳಿ ಹೋದನಂತೆ: ಊರಾಗ ಕೇಳಾಕ ಹತ್ಯಾರ, ಮಳಿಗಿಂತ ಮೊದ್ಲ ಕರ್ಕೊಂಡು ಹೋಗ್ರಿ.

ಕೇಳುವುದು ಅಯ್ಯುಬನ ಅಣ್ಣನ ಸಲುವಾಗಿ. ಅವನು ರಜಾಕಾರನಾಗಿದ್ದ. ಹೊಳೆಯಾಚೆಯ ಒಂದು ಹಳ್ಳಿ ಸುಟ್ಟವರ ಗುಂಪಿನಲ್ಲಿದ್ದ. ಇದನ್ನು ಅಯ್ಯುಬನೇ ನನಗೆ ಹೇಳಿದ್ದ, ಹಾಸ್ಟೆಲಿನಲ್ಲಿ, ಗೋಡೆ ಕಡೆ ಮುಖ ಮಾಡಿ. ಈಗ ಆ ಅಣ್ಣ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಸೇಡಿಗೆ ಸಿಕ್ಕುವುದು ತಾಯಿ. ಇಲ್ಲವೇ ತಮ್ಮ.

ಪೊಲೀಸರಿಗೆ ಹೇಳಬಾರದೇ ಎಂದೆ. "ಹೇಳಿದ್ರ ಇಡೀ ತಾಲೂಕಿಗಿ ಡಂಗುರಾ ಸಾರಿದ್ಹಂಗ," ಎಂದ ಮಾವ. "ಸುಟಿ ಬಿಟ್ಟದ, ಹುಡುಗ್ರಿಗಿ ಊರು ತೋರಸ್ಲಿಕ್ಕ ಹೊಂಟೇನಿ. ಅಷ್ಟೇ. ಯಾರು ಕೇಳಿದ್ರೂ ಔರಾದಂತ ಹೇಳ್ರಿ. ಚಿಂತಾಕಿ ಹೆಸರು ಬಾಯಾಗ ಬರಬಾರ್ದು."

ಆಮೇಲೆ ಜೇಬಿನಿಂದ ಒಂದು ಬೆಳ್ಳಿ ಕರಡಿಗೆ ತೆಗೆದು ಅಯ್ಯುಬನ ಕೊರಳಿಗೆ ಕಟ್ಟಿದ. "ಒಳಗ ಲಿಂಗ ಇಲ್ಲ. ಇದ್ದಿದ್ರ ನಾ ಕಟ್ತಿರ್ಲಿಲ್ಲ, ನೀನೂ ಕಟ್ಟಿಸ್ಕೋತಿರ್ಲಿಲ್ಲ. ಇವತ್ತಿನಿಂದ ನೀ ನಮ್ಮ ಪೈಕಿ ಅಣ್ಣೆಪ್ಪ."

"ಅಣ್ಣೆಪ್ಪ!" ಅಯ್ಯುಬ ಹಣೆ ಬಡಿದುಕೊಂಡ. "ಯಾ ಅಲ್ಲಾ, ಹೆಸರಿನ್ಯಾಗರ ಒಂದಿಷ್ಟು ಸ್ಟೈಲ್ ಇರ್ಲಿ ಮಾಮಾ."

ನಗಲಾಗಲಿಲ್ಲ ನನಗೆ. ನನ್ನ ಕೊರಳು ಬರಿದು ಎಂದು ಆಗಲೇ ಹೇಳಬೇಕಿತ್ತು. ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ಹೇಳಲಿಲ್ಲ.

ಭಾಲ್ಕಿ, 6 ಮೇ, ಶುಕ್ರವಾರ, ರಾತ್ರಿ

ಮಾವನ ಪರಿಚಯದ ಒಬ್ಬರ ಮನೆ. ಇಲ್ಲಿವರೆಗೆ ಏನೂ ಆಗಿಲ್ಲ.

ದಾರಿ ನಿಜಕ್ಕೂ ಸುಂದರ. ಇಂಥ ಹೆದರಿಕೆಯಲ್ಲೂ ಕಣ್ಣು ನೋಡಿತು. ಬೀದರದ ಎತ್ತರದಿಂದ ಇಳಿಯುವಾಗ ಕೆಳಗೆಲ್ಲ ಕಪ್ಪು ಹೊಲ, ಉತ್ತು ಬಿಟ್ಟದ್ದು, ಅಲ್ಲಲ್ಲಿ ಒಂದೊಂದು ಬೇವು. ಹಲಬರ್ಗಾದ ತೋಪಿನಲ್ಲಿ ಗಾಡಿ ನಿಲ್ಲಿಸಿದೆವು — ರೇಡಿಯೇಟರ್ ಕುದಿಯುತ್ತಿತ್ತು. ಮಾವ ಕಾಯಿ ಕೊಯ್ಯಿಸಿ ಉಪ್ಪು ಖಾರ ಹಚ್ಚಿಸಿದ. ತೋಟದವನು ಅಯ್ಯುಬನನ್ನೇ ನೋಡುತ್ತಿದ್ದ. ಅಥವಾ ನನಗೆ ಹಾಗನ್ನಿಸಿತು. ನರ್ವಸ್ ಆದರೆ ಎಲ್ಲರೂ ನಮ್ಮನ್ನೇ ನೋಡಿದಂತೆ.

ಒಂದು ಸುಟ್ಟ ಹಳ್ಳಿ ದಾಟಿದೆವು. ಗೋಡೆಗಳಿವೆ, ಮಾಳಿಗೆ ಇಲ್ಲ. ಇದು ಯಾರು ಸುಟ್ಟದ್ದು, ರಜಾಕಾರರೋ ಆಮೇಲೆ ಸೇಡಿಗೆ ಬಂದವರೋ — ಕೇಳಲಿಲ್ಲ. ಅಯ್ಯುಬ ಬೂಟಿನ ದಾರ ಕಟ್ಟಿಕೊಳ್ಳುತ್ತ ತಲೆ ಬಗ್ಗಿಸಿ ಕೂತ. ಹಳ್ಳಿ ಮುಗಿಯುವವರೆಗೂ ಕಟ್ಟಿದ.

ಮಾವನಿಗೆ ಲಿಂಗದ ವಿಷಯ ಹೇಳಲು ಹೋದೆ. "ನಾಳಿ ಮಾತಾಡೂಣು, ಈಗ ಮಲಕೋ" ಎಂದ.

ಚಿಂತಾಕಿ, 7 ಮೇ, ಶನಿವಾರ, ಸಂಜೆ

ಪೂರ್ತಿ ಬರೆಯುತ್ತೇನೆ. ಬಿಟ್ಟರೆ ತಲೆಯೊಳಗೇ ತಿರುಗುತ್ತದೆ.

ಮಾಂಜ್ರಾ ಬೇಸಿಗೆಯಲ್ಲಿ ಎರಡು ಸೆಳವು ಅಷ್ಟೇ, ಉಳಿದದ್ದು ಉಸುಕು. ನಡುವೆ ಗಾಲಿ ಹುಗಿಯಿತು. ದಂಡೆಯಿಂದ ಐದಾರು ಮಂದಿ ಬಂದರು. ತಾವಾಗಿಯೇ ಭುಜ ಕೊಟ್ಟು ದೂಡಿ ಆಚೆ ದಂಡೆಗೆ ಹಚ್ಚಿದರು. ಭಲೇ ಜನ ಎಂದುಕೊಂಡೆ. ಆಮೇಲೆ ಗಾಡಿಯ ಮುಂದಿನಿಂದ ಸರಿಯಲಿಲ್ಲ.

ಕೊಡಲಿ ಹಿಡಿದವನೊಬ್ಬ ನನ್ನ ಕಿಡಕಿಗೆ ಬಾಗಿದ. "ಎಲ್ಲಿಗಿ ಹೊಂಟೀರಿ ತಮ್ಮಾ?"

ಔರಾದ. ಔರಾದ ಎನ್ನಬೇಕು. ಭಾಲ್ಕಿಯಿಂದ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಯಿ ಬಿಟ್ಟೆ. "ಚಿಂತಾಕಿ" ಎಂದೆ.

ಮಾವ ತಿರುಗಿಯೂ ನೋಡಲಿಲ್ಲ. "ಔರಾದಕ್ಕ ಹೋಗಿ, ಹಂಗೇ ಆ ಕಡಿ ಎಲ್ಲಾ ತಿರಗ್ಯಾಡಿ ಬರೂದ್ರಿ. ಹುಡುಗ್ರಿಗಿ ಸುಟಿ."

"ಈ ಬಿಸಿಲಾಗ ತಿರಗ್ಯಾಡಾಕ?"

"ಹೈದರಾಬಾದನ್ಯಾಗ ಓದೋರಿಗಿ ನಮ್ಮ ಬಿಸಿಲೂ ಸೀನರಿನೇ ನೋಡ್ರಿ."

ಯಾರೂ ನಗಲಿಲ್ಲ. ಕೊಡಲಿಯವನು ಹೇಳಿದ: "ಇಳೀರಿ. ಲಿಂಗ ತೋರಸ್ರಿ. ಮೋಟಾರನ್ಯಾಗ ಭಾಳ ಮಂದಿ ಪಾರಾಗ್ಯಾರ. ನಮ್ಮ ಊರು ಸುಟ್ಟಾಗ ಯಾರೂ ನಮಗ ಮೋಟಾರ ಕಳಸ್ಲಿಲ್ಲ."

ಮಾವ ಅಂಗಿ ಸರಿಸಿ ತೋರಿಸಿದ. ಅಯ್ಯುಬ ತೋರಿಸಿದ — ಬೆಳ್ಳಿ ಕರಡಿಗೆ ಬಿಸಿಲಿಗೆ ಹೊಳೆಯಿತು. ನಾನು ಗುಂಡಿ ಹಿಡಿದುಕೊಂಡೇ ನಿಂತೆ. ಕೊಡಲಿಯವನೇ ಬಿಚ್ಚಿದ. ಏನೂ ಇಲ್ಲ.

"ಇವನೇ," ಎಂದ. ರಟ್ಟೆ ಹಿಡಿದು ಎಳೆದ. "ಧೋತರ ಬಿಚ್ಚಸ್ರಿ ಇವಂದು. ಗೊತ್ತಾಗ್ತದ."

ಅದು ಏನೆಂದು ನನಗೆ ಅರ್ಥವಾಯಿತು. ನನಗೇನೂ ಆಗುವುದಿಲ್ಲ. ನಾನು ಪಾಸಾಗುತ್ತೇನೆ. ಆದರೆ ನನ್ನದು ನೋಡಿದ ಮೇಲೆ ಅಯ್ಯುಬನದೂ ನೋಡುತ್ತಾರೆ. ಸುನ್ನತಿಯಾದವನ ಕೊರಳಲ್ಲಿ ಖಾಲಿ ಕರಡಿಗೆ... ನಾನು ಧೋತರದ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅವರಿಗೆ ಅದೇ ಸಾಕ್ಷಿ ಆಯಿತು. ಯಾರೋ ಬೆನ್ನಿಗೆ ಕೋಲು ಹಾಕಿದರು.

ಆಗ ಮಾವ ಬಂದು ನನ್ನ ಕಪಾಳಕ್ಕೆ ಹೊಡೆದ. ನಾಟಕದ ಏಟು ಅಲ್ಲ. ಕಿವಿ ಈಗಲೂ ಗುಂಯ್‌ಗುಡುತ್ತಿದೆ. "ಎಲ್ಲಿ ಬಿಟ್ಟಿ? ಎಲ್ಲಿ ಬಿಟ್ಟೀಲೇ ಲಿಂಗ? ನಿಮ್ಮವ್ವ ಗುರಮ್ಮ ನಿನ್ನ ಹಡೆದು ತೊಟ್ಟಿಲಿಗಿ ಹಾಕೂದಕ್ಕಿಂತ ಮೊದ್ಲ ಕಟ್ಟಿಸಿದ್ದು! ಅಕಿಗಿ ಏನಂತ ಮಾರಿ ತೋರಸ್ಲಿ?" ಕಣ್ಣಲ್ಲಿ ನೀರಿತ್ತು. ಮಾವನ ಕಣ್ಣಲ್ಲಿ ನೀರು ನಾನು ಎಂದೂ ನೋಡಿಲ್ಲ.

"ಹಾಸ್ಟೆಲ್... ಕಪಾಟ..." ಎಂದೆ. ಅಳು ಬಂತು.

ಹಿಂದೆ ನಿಂತಿದ್ದ ರುಮಾಲಿನ ಮುದುಕ ಮುಂದೆ ಬಂದ. "ಬಿಡ್ರೋ ಅದಕ್ಕ. ವೇಷಾ ಹಾಕಿದಾಂವ ಆಗಿದ್ರ ಕಟ್ಕೊಂಡೇ ಬರ್ತಿದ್ದ."

ಹೇಳಿದವನು ಅಯ್ಯುಬನ ಕಡೆ ತಿರುಗಿದ. ಹೊಸ ದಾರ. ಕರಡಿಗೆ ಕಟ್ಟಿದ, ಬೆಳ್ಳಗೆ ಹೊಳೆಯುವ ಹೊಸ ದಾರ. ಮುದುಕ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

"ನಿನ್ನ ಹೆಸರೇನಪಾ?"

"ಅಣ್ಣೆಪ್ಪರಿ." ದನಿ ಹೇಗೆ ಗಟ್ಟಿಯಾಗಿ ಬಂತೋ ಅವನಿಗೆ.

"ತಾಯಿ ಇದ್ದಾಳ?"

"ಇದ್ದಾಳ್ರಿ."

ಮುದುಕ ದಾರ ಬಿಟ್ಟ. "ನಡೀರಿ. ಹೊತ್ತು ಮುಳುಗೂದ್ರೊಳಗ ಮನಿ ಸೇರ್ರಿ." ಕೊಡಲಿಯವನು ಏನೋ ಹೇಳಲು ಹೋದ. ಮುದುಕ ಕೈ ಎತ್ತಿದ. ಗಾಡಿ ಹೊರಟಿತು. ಔರಾದ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ಕುಲಸುಮಬೀ ತೀರ ಸಣ್ಣಗಾಗಿದ್ದಾಳೆ. ಅಟ್ಟದಿಂದ ಇಳಿಯುವಾಗ ಕಾಲು ಸ್ವಾಧೀನವಿರಲಿಲ್ಲ. ಪಂಢರಿಯ ಹೆಂಡತಿ ಶಾಲುಬಾಯಿ ಸೊಂಟ ಹಿಡಿದು ಇಳಿಸಿದಳು. ಮಗನನ್ನು ನೋಡಿ ಮೊದಲು ಕೇಳಿದ್ದು, "ಪರೀಕ್ಷಾ ಹ್ಯಾಂಗಾತು?" ಆಮೇಲೆ ಅತ್ತಳು.

ಹೊಳೆಯ ದಾರಿಯಲ್ಲಿ ಅವಳನ್ನು ಕರೆದೊಯ್ಯುವುದು ಆಗದ ಮಾತು. ಬೆಳಗ್ಗೆ ಪಂಢರಿ ತನ್ನ ಬಂಡಿಯಲ್ಲಿ ತಾಯಿ ಮಗನನ್ನು ಮೂಡಲಿಗೆ ನಾರಾಯಣಖೇಡದವರೆಗೆ ಬಿಡುತ್ತಾನೆ. ಅಲ್ಲಿಂದ ಮೋಟಾರು ಹಿಡಿದು ಹೈದರಾಬಾದ್, ಅಯ್ಯುಬನ ಸೋದರತ್ತೆ ಸಕೀನಾ ಮನೆ. ನಾವಿಬ್ಬರು ಬಂದ ದಾರಿಯಲ್ಲೇ ವಾಪಸ್, ಏನೂ ಆಗದವರಂತೆ.

8 ಮೇ, ಭಾನುವಾರ, ಭಾಲ್ಕಿ

ಬಂಡಿ ನಸುಕಿನಲ್ಲೇ ಹೊರಟಿತು. ಮೇಲೆ ಜೋಳದ ಒಣ ದಂಟಿನ ಕಣಿಕೆ, ಕೆಳಗೆ ಅವರಿಬ್ಬರು. ಅಯ್ಯುಬ ಕಣಿಕೆಯೊಳಗಿಂದ ಇಂಗ್ಲಿಷಿನಲ್ಲಿ "ಬ್ಯಾಡ್ ಸೀನರಿ" ಎಂದ.

ಹೊಳೆಯಲ್ಲಿ ಅದೇ ಜನ. ಮುದುಕ ಇರಲಿಲ್ಲ. ಕೊಡಲಿಯವನೂ ಇರಲಿಲ್ಲ.

"ಮೂರು ಮಂದಿ ಹೋಗಿದ್ರಿ. ಅಣ್ಣೆಪ್ಪ ಎಲ್ಲಿ?" ಎಂದು ಒಬ್ಬ ಕೇಳಿದ.

"ಜ್ವರಾ ಬಂದಾವ. ಔರಾದದಾಗ ಬಿಟ್ಟು ಬಂದೇನಿ," ಎಂದ ಮಾವ.

"ಔರಾದದಾಗ ಯಾಕ ಬಿಟ್ರಿ ಸಾಹೇಬ್ರ? ನೀವು ಹೋಗಿದ್ದು ಚಿಂತಾಕಿಗಿ ಅಲ್ಲೇನು? ಈ ತಮ್ಮನೇ ಹೇಳಿದ್ನಲ್ಲ." ನನ್ನ ಕಡೆ ಗದ್ದ ತೋರಿಸಿ ನಕ್ಕ. "ನಮ್ಮವ್ರು ಇಬ್ರು ಆ ಕಡಿಗೇ ಹೋಗ್ಯಾರ. ನಿನ್ನಿ ರಾತ್ರಿನೇ. ಭೆಟ್ಟಿ ಆಗ್ಲಿಲ್ಲೇನು?"

ಮಾವ ಗಾಡಿ ತಿರುಗಿಸಲು ಹೋದ. ಅವರು ಸುತ್ತುಗಟ್ಟಿ ನಿಂತರು. "ಬೀದರದ ದಾರಿ ಹಿಂಗ ಅದರಿ." ಗಾಡಿಯನ್ನು ಅವರೇ ದೂಡಿದರು, ಈ ದಂಡೆಗೆ.

ಭಾಲ್ಕಿಯ ಠಾಣೆಗೆ ಮಾವ ಹೋಗಿ ಬಂದ. ಕೇಳಿದೆ. ರೇಡಿಯೇಟರಿಗೆ ನೀರು ಹಾಕಲು ಎದ್ದು ಹೋದ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೀದರ, 21 ಮೇ, ಶನಿವಾರ

ಸುದ್ದಿ ಇಲ್ಲ. ಪಂಢರಿ ಗಂಜ್‌ಗೆ ಬಂದಿಲ್ಲ. ಚಿಂತಾಕಿ ಕಡೆಯವರು ಯಾರೂ ಬರುತ್ತಿಲ್ಲ ಎನ್ನುತ್ತಾರೆ ಅಲ್ಲಿನ ದಲಾಲಿ ಅಡತಿಯವರು. ಮಾವ ಹೋಗಿ ನೋಡಿ ಬರುತ್ತೇನೆಂದ. ಅವ್ವ ಕಾಲು ಹಿಡಿದಳು. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಬಾಗಿಲಿಗೆ ಓಡುತ್ತೇನೆ. ಅವನು ನಿಲ್ಲದೆ ಮುಂದೆ ಹೋಗುತ್ತಾನೆ.

ಯಾರೋ ಒಬ್ಬ ಕಿಡಕಿಗೆ ಬಾಗಿ ಕೇಳಿದ. ನಾನು ಒಂದು ಊರಿನ ಹೆಸರು ಹೇಳಿದೆ. ಬೇರೆ ಏನೂ ಮಾಡಿಲ್ಲ.

ಸಕೀನಾ ಫೂಫಿಯ ವಿಳಾಸ ಇವತ್ತು ಮಾವನಿಂದ ಇಸಿದುಕೊಂಡೆ. ಇಲ್ಲಿ ಕಚ್ಚಾ ಬರೆದು ಆಮೇಲೆ ಕಾರ್ಡಿಗೆ ಇಳಿಸುತ್ತೇನೆ.

ಅಯ್ಯುಬ,

ನೀನೂ ಅಮ್ಮಿಯೂ ಮುಟ್ಟಿದಿರಾ? ಮೊದಲು ಅದನ್ನು ಬರೆ. ನಾನು ಹೊಳೆಯಲ್ಲಿ ಹೇಳಿದ್ದರ ಬಗ್ಗೆ ಸಿಟ್ಟಿದ್ದರೆ ಆಮೇಲೆ ಬೈಯಿ, ಬೇಕಾದಷ್ಟು ಬೈಯಿ. ಈಗ ಒಂದೇ ಸಾಲು ಸಾಕು. ನಿನ್ನ ಅಕ್ಷರದಲ್ಲಿ. ಬೇರೆ ಯಾರ ಕೈಯಿಂದಲೂ ಬರೆಸಬೇಡ. ಈ ಕಾರ್ಡು ಸಿಕ್ಕ ದಿನವೇ ಉತ್ತರ ಹಾಕು, ದಯವಿಟ್ಟು, ಅದೇ ದಿನ