ಸುಮ್ಮನಿರುವ ಟವರಿಗೆ ಬ್ಯಾಟರಿ ಬೇಡವೇ?

ವೈರ್‌ಲೆಸ್ ಇಂಟರ್ನೆಟ್ ಟವರ್‌ಗಳಿಗೆ ಬ್ಯಾಟರಿ ಆರಿಸಿ ಕೊಡುವ ಮಾನ್ಯ ಅಧಿಕಾರಿಗಳೇ,

ಕರೆಂಟ್ ಹೋದ ಮರುಕ್ಷಣವೇ ಪ್ರಾಣ ಬಿಡುವ ನಮ್ಮ ಬಡಾವಣೆಯ ಟವರಿಗೆ ನೀವು ಹೊಸ ಬ್ಯಾಟರಿ ಕೊಡಲಿಲ್ಲ. ಕರೆಂಟ್ ಹೋದರೂ ಗಟ್ಟಿಯಾಗಿ ನಿಲ್ಲುವ ಪಕ್ಕದ ಬಡಾವಣೆಯ ಟವರಿಗೆ ಕೊಟ್ಟಿರಿ. ಇದು ಪಕ್ಷಪಾತವೆಂದು ನಾನು ಭಾವಿಸಿದ್ದೆ. ನಿಮ್ಮ ಕಚೇರಿಗೆ ಬಂದು ವಿಚಾರಿಸಿದ ಮೇಲೆ, ಪಕ್ಷಪಾತವೇ ಆಗಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು. ಪಕ್ಷಪಾತ ಮಾಡುವವರಿಗೆ ಕನಿಷ್ಠ ತಾವು ಏನು ಮಾಡುತ್ತಿದ್ದೇವೆ ಎಂಬುದಾದರೂ ಗೊತ್ತಿರುತ್ತದೆ.

ನಾನು ಕನ್ನಡಕದ ಅಂಗಡಿ ಇಟ್ಟುಕೊಂಡವನು. ನನ್ನ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಅವಳು ಕೈಯಲ್ಲಿ ಮಾತಾಡುತ್ತಾಳೆ, ಬೇಕಾದರೆ ಕೈಯಲ್ಲೇ ಬೈಯುತ್ತಾಳೆ. ಭಾವನಿಗೆ ಹಡಗಿನಲ್ಲಿ ಕೆಲಸ. ಅಕ್ಕ ಮನೆಯಲ್ಲಿ ಬಟ್ಟೆ ಹೊಲಿಯುತ್ತ, ಇನ್ನೂ ಸರಿಯಾಗಿ ಮಾತು ಬಾರದ ಮಗಳನ್ನು ನೋಡಿಕೊಳ್ಳುತ್ತ, ಯಾರ ಹಂಗೂ ಇಲ್ಲದೆ ಇದ್ದಳು. ಅವಳ ಮನೆಯಿರುವ ತಗ್ಗಿಗೆ ಮೊಬೈಲ್ ಸಿಗ್ನಲ್ ಇಳಿಯುವುದಿಲ್ಲ. ಹಾಗಾಗಿ ಹಿಟ್ಟಿನ ಗಿರಣಿಯ ತಾರಸಿಯ ಮೇಲಿರುವ ನಿಮ್ಮ ಟವರೇ ಅವಳ ಬಾಯಿ. ಮನೆಯೊಳಗಿನ ವೈಫೈ ಪೆಟ್ಟಿಗೆಗೆ ಭಾವ ಇನ್ವರ್ಟರ್ ಹಾಕಿಸಿದ್ದಾರೆ; ಕರೆಂಟ್ ಹೋದಾಗ ನಿಮ್ಮ ಟವರೊಂದು ಬದುಕಿದ್ದರೆ ಸಾಕು. ಏನೇ ಆದರೂ ವಿಡಿಯೊ ಕಾಲ್ ಮಾಡಿ ನನಗೆ ಹೇಳುತ್ತಿದ್ದಳು. ಮೆಸೇಜ್ ಕಳಿಸಬಹುದಿತ್ತಲ್ಲ ಎಂದು ಮಾತ್ರ ಕೇಳಬೇಡಿ. ಅದೂ ಅದೇ ಟವರನ್ನು ಹತ್ತಿಯೇ ಬರಬೇಕು.

ಹೋದ ತಿಂಗಳು ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಮಗುವಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟತೊಡಗಿತು. ಅಕ್ಕ ನನಗೆ ಕಾಲ್ ಮಾಡಿದಳು, ಮತ್ತೆ ಮಾಡಿದಳು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಆ ಹೊತ್ತಿನಲ್ಲಿ ನಾನು ಅಂಗಡಿಯಲ್ಲಿ ನೆಮ್ಮದಿಯಾಗಿ ಗಿರಾಕಿಯೊಬ್ಬರಿಗೆ "ಕೆಳಗಿನ ಸಾಲು ಓದಿ ನೋಡೋಣ" ಅನ್ನುತ್ತಿದ್ದೆ. ಅಕ್ಕ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಏರು ಹತ್ತಿ, ಬರಿಗಾಲಲ್ಲಿ ನನ್ನ ಅಂಗಡಿಗೆ ಓಡಿ ಬಂದಳು. ಮಗುವಿನ ತುಟಿ ನೀಲಿಯಾಗಿತ್ತು. ಅಂಗಡಿಯ ಎದುರಿನ ಕ್ಲಿನಿಕ್ಕಿನ ಡಾಕ್ಟರಮ್ಮ ಆಕ್ಸಿಜನ್ ಮಾಸ್ಕ್ ಹಾಕಿ, ಉಸಿರು ಹದಕ್ಕೆ ಬಂದ ಮೇಲೆ ನನ್ನನ್ನೇ ಗದರಿದರು: "ಇಷ್ಟು ತಡ ಮಾಡ್ತಾರೇನ್ರೀ? ಒಂದು ಫೋನ್ ಮಾಡೋಕಾಗ್ಲಿಲ್ವಾ?"

ಮಗು ಈಗ ಚೆನ್ನಾಗಿದೆ, ನನ್ನ ಕನ್ನಡಕದ ಫ್ರೇಮುಗಳನ್ನು ಮುರಿಯುವಷ್ಟು ಚೆನ್ನಾಗಿದೆ. ಅಕ್ಕ ಚೆನ್ನಾಗಿಲ್ಲ. ಅಂದಿನಿಂದ ಅವಳು ಹಗಲು ಹೊತ್ತು ಮನೆಯಲ್ಲಿ ಒಬ್ಬಳೇ ಇರಲು ಒಪ್ಪುತ್ತಿಲ್ಲ. ಹೊಲಿಗೆ ಯಂತ್ರಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿ, ಬೆಳಗ್ಗೆಯೇ ಮಗುವಿನ ಜೊತೆ ಬಂದು ನನ್ನ ಅಂಗಡಿಯ ಮೂಲೆಯಲ್ಲಿ ಕೂರುತ್ತಾಳೆ. ಯಾರ ಮುಂದೆಯೂ ತಲೆ ತಗ್ಗಿಸದಿದ್ದವಳು ತಮ್ಮನ ಅಂಗಡಿಯ ಸ್ಟೂಲಿನ ಮೇಲೆ ಮುದುಡಿ ಕೂತಿರುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಆ ಉರಿಯಲ್ಲೇ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಿಬ್ಬಂದಿಯೊಬ್ಬರು ಬಲು ಮರ್ಯಾದೆಯಿಂದ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನಿಮ್ಮ ಟವರ್ ನಮ್ಮಲ್ಲೇ ಬೆಸ್ಟು ಸರ್. ಕರೆಂಟ್ ಹೋಯ್ತು ಅಂತ ಒಂದು ಮೆಸೇಜೂ ಬಂದಿಲ್ಲ, ನೋಡಿ."

"ಆ ಮೆಸೇಜ್ ಯಾರು ಕಳಿಸ್ತಾರೆ?"

"ಟವರ್ರೇ ಕಳಿಸತ್ತೆ ಸರ್."

"ಟವರ್ರೇ ಸತ್ತು ಬಿದ್ದಿದ್ರೆ?"

ಅವರು ಸ್ವಲ್ಪ ಯೋಚಿಸಿ ಹೇಳಿದರು: "ಸತ್ತಿದ್ರೆ ಮೆಸೇಜ್ ಬರ್ತಿತ್ತಲ್ಲ ಸರ್!"

ಮಾನ್ಯರೇ, ನಿಮ್ಮ ಆಯ್ಕೆಯ ಗುಟ್ಟು ಇಷ್ಟೇ. ಪಕ್ಕದ ಬಡಾವಣೆಯ ಟವರಿನ ಬ್ಯಾಟರಿ ಸರಿಯಿದೆ. ಕರೆಂಟ್ ಹೋದಾಗಲೆಲ್ಲ ಅದು ಬದುಕಿ ಉಳಿದು "ಕಷ್ಟದಲ್ಲಿದ್ದೇನೆ" ಎಂದು ನಿಮಗೆ ತಿಳಿಸುತ್ತದೆ. ನಮ್ಮ ಟವರಿನ ಬ್ಯಾಟರಿ ಸತ್ತಿದೆ; ತಿಳಿಸಲು ಅದಕ್ಕೆ ಜೀವವೇ ಇರುವುದಿಲ್ಲ. ನೀವು ಬಂದ ಮೆಸೇಜುಗಳನ್ನು ಎಣಿಸಿದಿರಿ, ಬಾಯಿದ್ದ ಟವರಿಗೆ ಬ್ಯಾಟರಿ ಕೊಟ್ಟಿರಿ, ಬಾಯಿ ಕಟ್ಟಿದ ಟವರಿಗೆ ಶಹಬ್ಬಾಸ್ ಎಂದಿರಿ. ಅಕ್ಷರದ ಫಲಕ ತೋರಿಸಿದಾಗ ಒಂದೆರಡು ಅಕ್ಷರ ತಪ್ಪು ಓದಿದವರಿಗೆ ಕನ್ನಡಕ ಕೊಟ್ಟು, ಏನೂ ಕಾಣದೆ ಸುಮ್ಮನೆ ಕೂತವರನ್ನು "ನಿಮ್ಮದು ಒಂದೂ ತಪ್ಪಿಲ್ಲ" ಎಂದು ನಾನು ಮನೆಗೆ ಕಳಿಸಿದರೆ, ಊರಿನವರು ನನ್ನ ಅಂಗಡಿಗೆ ಬೀಗ ಜಡಿಯುವುದಿಲ್ಲವೇ? ಲಿಥಿಯಂ ಬೇಕೋ, ಸೀಸದ್ದು ಸಾಕೋ, ಜೊತೆಗೆ ಸೌರ ಫಲಕ ಇರಲೋ, ಡೀಸೆಲ್ ಜನರೇಟರ್ ಇರಲೋ ಎಂದು ಸಭೆಯ ಮೇಲೆ ಸಭೆ ನಡೆಸಿದ್ದೀರಂತೆ. ಸಂತೋಷ. ಯಾವ ಟವರು ಸಾಯುತ್ತಿದೆ ಎಂದು ನೋಡಲು ಒಬ್ಬರಾದರೂ ಕುರ್ಚಿಯಿಂದ ಎದ್ದಿರಾ? ಹಾಗೇ ಇನ್ನೊಂದು ಮಾತು: ದೂರನ್ನು ಇಂಟರ್ನೆಟ್ಟಿನಲ್ಲೇ ಸಲ್ಲಿಸಬೇಕೆಂಬ ನಿಯಮ ಮಾಡಿದ ಮಹಾನುಭಾವರು ಯಾರೋ, ಅವರಿಗೊಂದು ಉದ್ದಂಡ ನಮಸ್ಕಾರ.

ನನ್ನ ಬೇಡಿಕೆ ದೊಡ್ಡದಲ್ಲ. ಬಂದ ಮೆಸೇಜುಗಳನ್ನು ನಂಬಿ ಬ್ಯಾಟರಿ ಹಂಚುವುದನ್ನು ನಿಲ್ಲಿಸಿ. ಪ್ರತಿ ಟವರಿನ ಬುಡಕ್ಕೆ ಜನರನ್ನು ಕಳಿಸಿ, ಕರೆಂಟ್ ತೆಗೆಸಿ, ಅದು ಎಷ್ಟು ಹೊತ್ತು ಬದುಕುತ್ತದೆ ನೋಡಿ. ಬೇಗ ಸಾಯುವ ಟವರಿಗೆ ಮೊದಲು ಬ್ಯಾಟರಿ ಕೊಡಿ. ನಮ್ಮ ಗಿರಣಿಯ ತಾರಸಿಗೆ ಮಾತ್ರ ನೀವೇ ಬರಬೇಕು. ಹೊಸ ಬ್ಯಾಟರಿ ಕೂರಿಸಿ, ಮೇನ್ ಸ್ವಿಚ್ ಇಳಿಸಿ, ಅಲ್ಲಿಂದಲೇ, ಆ ಟವರಿನ ಮೂಲಕವೇ, ನನ್ನ ಅಕ್ಕನಿಗೆ ವಿಡಿಯೊ ಕಾಲ್ ಮಾಡಿ. ಅವಳ ಮುಖ ಕಂಡರೆ ನಿಮ್ಮ ಆಯ್ಕೆ ಸರಿಯೆಂದು ತಿಳಿಯಿರಿ. ಅವಳು ಕೈಸನ್ನೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ, ನನ್ನನ್ನು ದಿನವೂ ಕೇಳುವುದನ್ನೇ: "ನಾನಿನ್ನು ಮನೆಗೆ ಹೋಗಬಹುದಾ?"

ಉತ್ತರ ನನ್ನ ಹತ್ತಿರ ಇಲ್ಲ. ನೀವು ಕೊಡಿ. ಸನ್ನೆ ಬಾರದಿದ್ದರೂ ಪರವಾಗಿಲ್ಲ, ಹೂಂ ಎಂದು ತಲೆಯಾಡಿಸಿದರೆ ಸಾಕು.

ಇಂತಿ,
ನಿಮ್ಮ ಪರದೆಯ ಪ್ರಕಾರ ಯಾವ ತೊಂದರೆಯೂ ಇಲ್ಲದ,
ಕನ್ನಡಕದ ಅಂಗಡಿಯವನು